ಕಾಶಿ ದರ್ಶನ ರೈಲಿಗೆ ಅಪ್ಪ-ಅಮ್ಮ ಇಬ್ಬರೇ: ಲಗೇಜು, ಬರ್ತು, ಇನ್ಸುಲಿನ್ ಹೇಗೆ?

ಬೆಣ್ಣೆನಗರಿ:
ಜನವರಿಯ ಭಾರತ್ ಗೌರವ್ ಕಾಶಿ ದರ್ಶನ ಟೂರ್ ರೈಲಿಗೆ ಅಪ್ಪ (72), ಅಮ್ಮ (66) ಹೆಸರು ಕೊಟ್ಟಾಗಿದೆ. ತ್ರೀ ಟಯರ್ ಎಸಿ, ದಾವಣಗೆರೆಯಲ್ಲಿ ಹತ್ತಬೇಕು. ಅಪ್ಪ ಇನ್ಸುಲಿನ್ ಪೆನ್ ತಗೋತಾರೆ. ಅಮ್ಮನಿಗೆ ಮಂಡಿನೋವು, ಮೇಲಿನ ಬರ್ತ್ ಹತ್ತೋಕಾಗಲ್ಲ. ನಾವ್ಯಾರೂ ಜೊತೆಗಿರಲ್ಲ. ದೊಡ್ಡ ಟ್ರಾಲಿ ಒಂದು ಸಾಕಾ? ಲೋಯರ್ ಬರ್ತ್ ಹಿರಿಯರಿಗೆ ತಾನಾಗೇ ಸಿಗುತ್ತಾ? ಬಿಸಿನೀರಿಗೆ ಕರೆಂಟ್ ಕೆಟಲ್ ಕೊಟ್ಟು ಕಳಿಸಬಹುದಾ?

ಹಳಿಪಕ್ಕ:
ಕೆಟಲ್ ಬೇಡವೇ ಬೇಡ. ಬೋಗಿಯ ಸಾಕೆಟ್ ಇರೋದು ಮೊಬೈಲ್, ಲ್ಯಾಪ್‌ಟಾಪ್‌ಗೆ. ಕೆಟಲ್ ಹಾಕಿದ್ರೆ ಅಕ್ಕಪಕ್ಕದವರ ಚಾರ್ಜಿಂಗೂ ಹೋಗಬಹುದು, ಬೆಂಕಿ ಭಯ ಬೇರೆ. ದಂಡ ಬಿದ್ದರೂ ಆಶ್ಚರ್ಯವಿಲ್ಲ. ಒಂದು ಲೀಟರಿನ ಸ್ಟೀಲ್ ಫ್ಲಾಸ್ಕ್ ಕೊಡಿ, ಚಹಾ ಕೊಡೋಕೆ ಬರುವ ಹುಡುಗರ ಹತ್ತಿರ ಬಿಸಿನೀರು ಕೇಳಿ ತುಂಬಿಸ್ಕೊಳ್ಳಲಿ.

ಬರ್ತ್ ವಿಷಯ. ಮಾಮೂಲಿ ಟಿಕೆಟ್‌ನಲ್ಲಿ 60 ದಾಟಿದವರಿಗೂ 45 ದಾಟಿದ ಹೆಂಗಸರಿಗೂ ಲೋಯರ್ ಬರ್ತ್ ಕೋಟಾ ಇದೆ. ಟೂರ್ ರೈಲಿನಲ್ಲಿ ಅದನ್ನೇ ನಂಬಿ ಕೂರಬೇಡಿ, ಇಲ್ಲಿ ಬರ್ತ್ ಹಂಚೋದು ಟೂರ್ ನಡೆಸುವವರು. ಇಂಥ ರೈಲಲ್ಲಿ ಮುಕ್ಕಾಲುಪಾಲು ಜನ ವಯಸ್ಸಾದವರೇ, ಎಲ್ಲರಿಗೂ ಲೋಯರ್ ಬೇಕು. ಹಾಗಾಗಿ ಪಟ್ಟಿ ಅಂತಿಮ ಆಗೋಕೆ ಮುಂಚೆಯೇ "ಮಂಡಿನೋವು, ಲೋಯರ್ ಬೇಕು" ಅಂತ ಫೋನ್ ಮಾಡಿ ಹೇಳಿ, ಮೆಸೇಜನ್ನೂ ಹಾಕಿ. ನಂಬರ್ ಬಂದಾಗ 8ರಿಂದ ಭಾಗಿಸಿ ನೋಡಿ: ಶೇಷ 1 ಅಥವಾ 4 ಬಂದ್ರೆ ಲೋಯರ್, 7 ಬಂದ್ರೆ ಸೈಡ್ ಲೋಯರ್. 2, 5 ಮಿಡಲ್. 3, 6 ಅಪ್ಪರ್. ಶೇಷ ಉಳಿಯದಿದ್ರೆ ಸೈಡ್ ಅಪ್ಪರ್.

ಮಿಡಲ್ ಬರ್ತ್ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಿಚ್ಚಿಡಬಹುದು. ಬಿಚ್ಚಿದ ಮೇಲೆ ಕೆಳಗಿನವರು ನೆಟ್ಟಗೆ ಕೂರೋಕಾಗಲ್ಲ. ಊಟ, ಇನ್ಸುಲಿನ್ ಎಲ್ಲ ಅದಕ್ಕೆ ಮುಂಚೆ ಮುಗಿದಿರಲಿ.

ಗಂಟುಮೂಟೆ:
ದೊಡ್ಡ ಟ್ರಾಲಿ ಬೇಡ ಅಂತೀನಿ. ಎಸಿ ತ್ರೀ ಟಯರ್‌ನಲ್ಲಿ ತಲೆಗೆ 40 ಕಿಲೋ ಉಚಿತ ಇದ್ದರೂ ಸಮಸ್ಯೆ ತೂಕದ್ದಲ್ಲ, ಜಾಗದ್ದು. ಸೀಟಿನ ಕೆಳಗೆ ಆರು ಜನರ ಸಾಮಾನು ಹಿಡಿಸಬೇಕು, ಗಟ್ಟಿ ಟ್ರಾಲಿ ಅಲ್ಲಿ ಮಡಚೋದೂ ಇಲ್ಲ, ಬಗ್ಗೋದೂ ಇಲ್ಲ. ಮೆಟ್ಟಿಲಿನ ಓವರ್‌ಬ್ರಿಡ್ಜ್‌ನಲ್ಲಿ ಚಕ್ರ ಉಪಯೋಗಕ್ಕೂ ಬರಲ್ಲ.

ತಲೆಗೆ ಎರಡು ಬ್ಯಾಗ್ ಮಾಡಿ. ಒಂದು ಮೆತ್ತನೆ ಬಟ್ಟೆ ಬ್ಯಾಗ್, 8-9 ಕಿಲೋ ಒಳಗೆ, ರೈಲಲ್ಲೇ ಉಳಿಯುತ್ತೆ, ಸೀಟಿನ ಕೆಳಗಿನ ಕೊಂಡಿಗೆ ಚೈನ್ ಹಾಕಿ ಬೀಗ. ಇನ್ನೊಂದು ಬೆನ್ನಿಗೆ ಹಾಕುವ ಚಿಕ್ಕದು. ಕಾಶಿಯಲ್ಲಿ ಹೋಟೆಲಿಗೆ ಇಳಿಸುವಾಗ "ಒಂದು ರಾತ್ರಿಗೆ ಬೇಕಾದ್ದು ಮಾತ್ರ ತಗೊಳ್ಳಿ" ಅಂತ ಗಡಿಬಿಡಿ ಮಾಡ್ತಾರೆ. ಆಗ ಬ್ಯಾಗ್ ಬಿಚ್ಚಿ ಹುಡುಕೋಕೆ ಕೂತವರೇ ಬಸ್ಸಿಗೆ ಕೊನೆಗೆ ಬರೋದು, ಅವರೇ ಅರ್ಧ ಸಾಮಾನು ಮರೆಯೋದು. ಒಂದು ಜೊತೆ ಬಟ್ಟೆ, ಟವೆಲ್, ಔಷಧಿ, ಆಧಾರ್ ಮೂಲ ಕಾರ್ಡ್, ದುಡ್ಡು ಚಿಕ್ಕ ಬ್ಯಾಗಲ್ಲೇ ಮೊದಲಿಂದಲೂ ಇರಲಿ. ಪ್ರಯಾಗದ ಸಂಗಮದ ಸ್ನಾನದ ಒದ್ದೆ ಬಟ್ಟೆಗೆ ದಪ್ಪ ಪ್ಲಾಸ್ಟಿಕ್ ಕವರ್ ಎರಡು.

ಹಾಸಿಗೆ-ಹೊದಿಕೆ ರೈಲಲ್ಲೇ ಕೊಡ್ತಾರೆ. ಜನವರಿಯ ಕಾಶಿಯಲ್ಲಿ ಬೆಳಗಿನ ದೋಣಿಗೆ ಮಂಕಿ ಟೋಪಿ, ಸ್ವೆಟರ್, ಉಣ್ಣೆ ಕಾಲುಚೀಲ ಬೇಕೇ ಬೇಕು. ಲೇಸಿನ ಶೂ ಬೇಡ, ದೇವಸ್ಥಾನಕ್ಕೊಂದು ಸಲ ಬಗ್ಗಿ ಬಿಚ್ಚೋದು ಮಂಡಿನೋವಿಗೆ ಶಿಕ್ಷೆ. ತಿನ್ನೋಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಎಣ್ಣೆ ಉಪ್ಪಿನಕಾಯಿ ಕಳಿಸಿದ್ರೆ ಸೀರೆ ಎಲ್ಲ ಕೆಂಪಾಗುತ್ತೆ.

ಗುಳಿಗೆಡಬ್ಬಿ:
ಎಂಟು ದಿನದ ಟೂರ್‌ಗೆ ಹನ್ನೆರಡು ದಿನದ ಮಾತ್ರೆ ಕಟ್ಟಿ. ಜನವರಿಯಲ್ಲಿ ಉತ್ತರದ ಕಡೆ ಮಂಜಿಗೆ ರೈಲು ಗಂಟೆಗಟ್ಟಲೆ ನಿಲ್ಲುತ್ತೆ. ಅರ್ಧ ಅಪ್ಪನ ಬ್ಯಾಗಲ್ಲಿ, ಅರ್ಧ ಅಮ್ಮನ ಬ್ಯಾಗಲ್ಲಿ. ಡಾಕ್ಟರ ಚೀಟಿ ಜೆರಾಕ್ಸ್ ಎರಡರಲ್ಲೂ.

ಬಳಕೆಯಲ್ಲಿರುವ ಇನ್ಸುಲಿನ್ ಪೆನ್ ಸಾಮಾನ್ಯವಾಗಿ 28 ದಿನ ಹೊರಗೇ ಇಡಬಹುದು, 30 ಡಿಗ್ರಿ ದಾಟಬಾರದು ಅಷ್ಟೆ. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಒಮ್ಮೆ ನೋಡ್ಕೊಳ್ಳಿ. ಎಸಿ ಬೋಗಿ, ಆ ಚಳಿ, ಎರಡೂ ತೊಂದರೆ ಕೊಡಲ್ಲ. ಜನ ತಪ್ಪೋದು ಐಸ್ ಮಧ್ಯೆ ಹೂತಿಟ್ಟು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರಲ್ಲ.

ಇನ್ನೊಂದು ಅಪಾಯ ಊಟದ ಹೊತ್ತಿನದು. "ಇನ್ನರ್ಧ ಗಂಟೆಗೆ ಊಟ" ಅಂದದ್ದು ಎರಡು ಗಂಟೆ ಆಗಬಹುದು, ಅಷ್ಟರಲ್ಲಿ ಇಂಜೆಕ್ಷನ್ ತಗೊಂಡಿದ್ರೆ ಸಕ್ಕರೆ ಇಳಿದು ಬೆವರು, ನಡುಕ ಶುರು. ಊಟಕ್ಕೆ ಮುಂಚಿನ ಡೋಸನ್ನು ತಟ್ಟೆ ಕೈಗೆ ಬಂದ ಮೇಲೆ ತಗೊಂಡ್ರೆ ನಡೆಯುತ್ತಾ ಅಂತ ಡಾಕ್ಟರನ್ನು ಈಗಲೇ ಕೇಳಿಡಿ. ಜೇಬಲ್ಲಿ ಗ್ಲೂಕೋಸ್ ಪುಡಿ ಅಥವಾ ಬೆಲ್ಲದ ಚೂರು ಸದಾ ಇರಲಿ.

ಹಳಿಪಕ್ಕ:
ಮುಖ್ಯವಾದ್ದೇ ಬಿಟ್ಟುಹೋಯ್ತು. ಕಾಶಿ ವಿಶ್ವನಾಥ, ಅಯೋಧ್ಯೆ ಎರಡೂ ಕಡೆ ಮೊಬೈಲ್ ಒಳಗೆ ಬಿಡಲ್ಲ. ಅಪ್ಪ-ಅಮ್ಮನ ಫೋನ್ ಒಂದೇ ಲಾಕರಿನಲ್ಲಿ ಕೂತಿರುತ್ತೆ, ಕೀಲಿ ಒಬ್ಬರ ಜೇಬಲ್ಲಿ, ಅವರಿಬ್ಬರು ಬೇರೆ ಬೇರೆ ಸಾಲಲ್ಲಿ! ಒಳಗೆ ಹೋಗೋಕೆ ಮುಂಚೆ ಎಲ್ಲಿ ಸೇರೋದು ಅಂತ ಗುರುತು ಮಾಡ್ಕೊಳ್ಳಲಿ, "ಗೇಟ್ ಹತ್ತಿರ" ಸಾಲದು, ಗೇಟ್ ನಂಬರೇ ಬೇಕು. ಇಬ್ಬರ ಜೇಬಲ್ಲೂ ಹೆಸರು, ಬೋಗಿ, ಬರ್ತ್, ಟೂರ್ ಮ್ಯಾನೇಜರ್ ನಂಬರ್, ಹೋಟೆಲ್ ಹೆಸರು ಬರೆದ ಚೀಟಿ. ಕನ್ನಡದಲ್ಲಷ್ಟೇ ಅಲ್ಲ, ಹಿಂದಿಯಲ್ಲೂ.

ಟೂರ್ ರೈಲು ದಾರಿಯಲ್ಲಿ ಎಲ್ಲೆಲ್ಲೋ ನಿಲ್ಲುತ್ತೆ, ಹೇಳದೆ ಹೊರಡುತ್ತೆ. ನೀರಿನ ಬಾಟಲಿಗೂ ಇಳಿಯಬಾರದು.

ಬೆಣ್ಣೆನಗರಿ:
ಎಲ್ಲರಿಗೂ ಥ್ಯಾಂಕ್ಸ್. ಬರ್ತ್‌ಗೆ ಇವತ್ತೇ ಫೋನ್ ಮಾಡ್ತೀನಿ. ಗಂಗಾಜಲ ಐದು ಲೀಟರ್ ತರ್ತೀನಿ ಅಂತಿದಾರೆ ಅಮ್ಮ, ತರಬಹುದಾ?

ಗಂಟುಮೂಟೆ:
ತರಬಹುದು ಮೇಡಂ, ಆದ್ರೆ ಐದು ಲೀಟರ್ ಅಂದ್ರೆ ಐದು ಕಿಲೋ, ಹೊರೋರು ಅವರೇ. ಎರಡು ಲೀಟರ್ ಸಾಕು ಅನ್ನಿ. ಘಾಟಿನಲ್ಲಿ ಮಾರುವ ತೆಳು ಕ್ಯಾನಿನ ಮುಚ್ಚಳ ಸೋರುತ್ತೆ, ತಿರುಪಿನ ಮುಚ್ಚಳದ ಗಟ್ಟಿ ಬಾಟಲಿ ಮನೆಯಿಂದಲೇ ಖಾಲಿ ಕಳಿಸಿ.