ತಾಂತ್ರಿಕ ಬಿಡ್ ತಿರಸ್ಕೃತ, ಕಾರಣ ತಿಳಿಸಿಲ್ಲ. ಮೇಲ್ಮನವಿ ಹೇಗೆ?

ಪ್ರಶ್ನೆ (ಫ್ಯಾಬ್ರಿಕೇಷನ್, ಹಾವೇರಿ):
ಸರ್ಕಾರಿ ವಿದ್ಯಾರ್ಥಿನಿಲಯಗಳಿಗೆ ಕಬ್ಬಿಣದ ಮಂಚ ಸರಬರಾಜಿನ ಟೆಂಡರ್, ಎರಡು ಲಕೋಟೆ ಪದ್ಧತಿ (ತಾಂತ್ರಿಕ ಬಿಡ್ ಒಂದರಲ್ಲಿ, ದರದ ಬಿಡ್ ಇನ್ನೊಂದರಲ್ಲಿ). ರಾಜ್ಯ ಸರ್ಕಾರದ ಖರೀದಿ ಜಾಲತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ನಮ್ಮ ತಾಂತ್ರಿಕ ಬಿಡ್ ಎದುರು ‘ತಿರಸ್ಕೃತ’ ಅಂತಷ್ಟೇ ಇದೆ. ಕಚೇರಿಯಲ್ಲಿ ಕೇಳಿದರೆ ‘ಕಮಿಟಿ ತೀರ್ಮಾನ’ ಅಂತಾರೆ. ಆರ್‌ಟಿಐ ಹಾಕಿ ಕಾರಣ ತಿಳಿದುಕೊಂಡು ಆಮೇಲೆ ಮೇಲ್ಮನವಿಗೆ ಹೋಗಬಹುದೇ?

ಉತ್ತರ 1 (ಟೆಂಡರ್ ಸಲಹೆಗಾರ, ಬೆಂಗಳೂರು):
ಸರ್, ಆ ಕ್ರಮದಲ್ಲಿ ಹೋದರೆ ಗಡುವು ಮುಗಿದುಹೋಗುತ್ತದೆ. ಕೆಟಿಪಿಪಿ ಕಾಯ್ದೆ (ರಾಜ್ಯದ ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಯ ಕಾಯ್ದೆ) 1999ರ 16ನೇ ಕಲಂ ಪ್ರಕಾರ ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ಆರ್‌ಟಿಐ ಉತ್ತರಕ್ಕೂ 30 ದಿನ. ಉತ್ತರ ಬರುವಷ್ಟರಲ್ಲಿ ಕಾರ್ಯಾದೇಶ ಕೊಟ್ಟು ಮಂಚವೂ ಇಳಿದಿರುತ್ತದೆ. ಮೇಲಾಗಿ ಮೌಲ್ಯಮಾಪನ ನಡೆಯುತ್ತಿರುವಾಗ ಕೇಳಿದರೆ ‘ಪ್ರಕ್ರಿಯೆ ಗೋಪ್ಯ’ ಎಂಬ ಉತ್ತರವೇ ಬರುವುದು.

ಇವತ್ತೇ ಟೆಂಡರ್ ಆಹ್ವಾನಿಸಿದ ಅಧಿಕಾರಿಗೆ ಒಂದು ಪುಟದ ಪತ್ರ ಬರೆಯಿರಿ. ಟೆಂಡರ್ ಸಂಖ್ಯೆ ಹಾಕಿ, ಯಾವ ಷರತ್ತಿಗೆ ಯಾವ ದಾಖಲೆ ಸಾಲಲಿಲ್ಲ ಎಂದು ತಿಳಿಸುವಂತೆಯೂ ತಾಂತ್ರಿಕ ಮೌಲ್ಯಮಾಪನ ನಡಾವಳಿಯ ಪ್ರತಿ ಕೊಡುವಂತೆಯೂ ಕೇಳಿ. ಟಪಾಲು ವಿಭಾಗದಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ದಿನಾಂಕ, ಮೊಹರು ಹಾಕಿಸಿಕೊಳ್ಳಿ, ಇಮೇಲ್ ಕೂಡ ಮಾಡಿ. ಪೋರ್ಟಲ್ ಪರದೆಯ ಚಿತ್ರವನ್ನು ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ. ನಾಳೆ ‘ನಿಮಗೆ ಯಾವತ್ತು ಗೊತ್ತಾಯಿತು’ ಎಂಬ ಪ್ರಶ್ನೆ ಬಂದರೆ ಇವೇ ಆಧಾರ.

ಎರಡು ಮೂರು ದಿನ ನೋಡಿ, ಉತ್ತರ ಬರದಿದ್ದರೆ ಇರುವಷ್ಟು ದಾಖಲೆಯಲ್ಲೇ ಮೇಲ್ಮನವಿ ಸಲ್ಲಿಸಿ. ಕಡತ ತರಿಸಿ ಪರಿಶೀಲಿಸಬೇಕು, ಇತ್ಯರ್ಥವಾಗುವ ತನಕ ಟೆಂಡರ್ ಅಂತಿಮಗೊಳಿಸದಂತೆ ತಡೆ ಕೊಡಬೇಕು ಎಂಬ ಎರಡು ಕೋರಿಕೆ ಅದರಲ್ಲಿ ಇರಲೇಬೇಕು. ತಡೆ ಕೇಳದ ಮೇಲ್ಮನವಿ ಗೆದ್ದರೂ ಕೈಗೆ ಏನೂ ಸಿಗುವುದಿಲ್ಲ. ಆರ್‌ಟಿಐ ಪಕ್ಕದಲ್ಲಿ ನಡೆಯಲಿ: ಶುಲ್ಕ 10 ರೂಪಾಯಿ, ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಉದ್ದ ಬರೆದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ.

ಉತ್ತರ 2 (ಲೆಕ್ಕಪತ್ರ ನೋಡುವವರು, ಶಿವಮೊಗ್ಗ):
ಮೇಲ್ಮನವಿ ಬರೆಯುವ ಮುಂಚೆ ನೀವು ಅಪ್‌ಲೋಡ್ ಮಾಡಿದ್ದನ್ನೆಲ್ಲ ಪೋರ್ಟಲ್‌ನಿಂದಲೇ ಇಳಿಸಿಕೊಂಡು ತೆರೆದು ನೋಡಿ. ನಿಮ್ಮ ಕಂಪ್ಯೂಟರಿನಲ್ಲಿರುವ ಮೂಲ ಕಡತ ನೋಡಿದರೆ ಪ್ರಯೋಜನವಿಲ್ಲ, ಕಮಿಟಿ ಕಂಡಿದ್ದು ಪೋರ್ಟಲ್‌ನಲ್ಲಿದ್ದ ಪ್ರತಿಯನ್ನು.

ಹೆಚ್ಚಾಗಿ ಸಿಕ್ಕಿಬೀಳುವುದು ಟರ್ನೋವರ್ ಸರ್ಟಿಫಿಕೇಟ್. 2019ರ ಫೆಬ್ರವರಿ 1ರಿಂದ ಸಿಎ ಕೊಡುವ ಪ್ರಮಾಣಪತ್ರಗಳಿಗೆ 18 ಅಂಕಿಯ ಯುಡಿಐಎನ್ (ಪತ್ರ ಅಸಲಿಯೇ ಎಂದು ಪರಿಶೀಲಿಸುವ ಗುರುತಿನ ಸಂಖ್ಯೆ) ಕಡ್ಡಾಯ. ಪತ್ರದಲ್ಲಿ ಅದು ಇಲ್ಲದಿದ್ದರೆ, ಅಥವಾ ಯುಡಿಐಎನ್ ಪಡೆಯುವಾಗ ಸಿಎ ನಮೂದಿಸಿದ ಮೊತ್ತವೇ ಒಂದು, ಪತ್ರದಲ್ಲಿರುವುದೇ ಇನ್ನೊಂದು ಆಗಿದ್ದರೆ ಕಮಿಟಿ ಒಪ್ಪುವುದಿಲ್ಲ. ‘ಕಳೆದ 3 ಆರ್ಥಿಕ ವರ್ಷ’ ಎಂದರೆ ಆಗಷ್ಟೇ ಮುಗಿದ ವರ್ಷ ಸೇರಿತೋ ಇಲ್ಲವೋ ಎಂಬಲ್ಲೂ ತಪ್ಪುತ್ತಾರೆ. ಎರಡೂ ಬದಿ ಮುದ್ರಿಸಿದ ಕಾರ್ಯಾದೇಶದ ಹಿಂಬದಿ ಸ್ಕ್ಯಾನ್ ಆಗದೆ, ಪ್ರಮಾಣ ತೋರಿಸುವ ಪಟ್ಟಿಯೇ ಬಿಟ್ಟುಹೋಗಿರುವುದೂ ಉಂಟು. ನಿಮ್ಮದು ಸರಿಯಿದೆ ಎಂದು ಖಾತ್ರಿಯಾದರೆ ಪುಟ ಸಂಖ್ಯೆ ಸಮೇತ ಬರೆಯಿರಿ.

ಉತ್ತರ 3 (ನಿವೃತ್ತ ಅಧೀಕ್ಷಕಿ, ಖರೀದಿ ಶಾಖೆ):
ಕಚೇರಿ ಕಡೆಯಿಂದ ಒಂದು ಮಾತು. ಕಾರಣ ತಿಳಿಸುವುದು ಉಪಕಾರವಲ್ಲ, ಕೆಲಸದ ಭಾಗ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, ಅಂದರೆ ಜಿಎಫ್‌ಆರ್ 2017ರ 173ನೇ ನಿಯಮದಲ್ಲಿ ಬಿಡ್ಡುದಾರ ಕೇಳಿದರೆ ತಿರಸ್ಕಾರದ ಕಾರಣ ತಿಳಿಸಬೇಕು ಎಂದೇ ಇದೆ. 170ನೇ ನಿಯಮದಂತೆ ತಾಂತ್ರಿಕ ಹಂತದಲ್ಲಿ ಬಿದ್ದವರ ಇಎಂಡಿಯನ್ನು (ಬಿಡ್ ಜೊತೆ ಇಟ್ಟ ಠೇವಣಿಯನ್ನು) ಆ ಫಲಿತಾಂಶ ಬಂದ 30 ದಿನದೊಳಗೆ ಮರಳಿಸಬೇಕು. ಆ ನಿಯಮಗಳು ಕೇಂದ್ರದ ಕಚೇರಿಗಳಿಗೆ, ನಿಮ್ಮ ಟೆಂಡರಿಗೆ ನೇರವಾಗಿ ಬರುವುದಿಲ್ಲ. ಆದರೆ ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿ ಎಲ್ಲ ಸರ್ಕಾರಿ ಕಚೇರಿಗೂ ಒಂದೇ.

ವಿಷಯ ನಿರ್ವಾಹಕರು (ಕಡತ ನೋಡುವ ಸಿಬ್ಬಂದಿ) ‘ದಾಖಲೆ ಸಮರ್ಪಕವಾಗಿಲ್ಲ’ ಎಂದು ಬರೆದು ಕೈತೊಳೆದುಕೊಂಡರೆ ಮೇಲ್ಮನವಿಯಲ್ಲಿ ಕಡತ ನಿಲ್ಲುವುದಿಲ್ಲ. ‘ಷರತ್ತು 4.2ರಂತೆ 3 ವರ್ಷದ ಟರ್ನೋವರ್ ಬೇಕಿತ್ತು, ಸಲ್ಲಿಸಿದ್ದು 2 ವರ್ಷದ್ದು’ ಎಂದು ಒಂದು ಸಾಲು ಬರೆದರೆ ಸೋತವನೂ ಒಪ್ಪಿ ಹೋಗುತ್ತಾನೆ, ಮುಂದಿನ ಸಲ ಸರಿಯಾದ ಬಿಡ್ ಹಾಕುತ್ತಾನೆ. ಟೆಂಡರ್ ತುಂಬಲು ಅವರೂ ದುಡ್ಡು, ದಿನ ಎರಡನ್ನೂ ಖರ್ಚು ಮಾಡಿರುತ್ತಾರೆ, ಅಷ್ಟು ಮರ್ಯಾದೆ ಕೊಡಲೇಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ, ಪತ್ರ ಸಿದ್ಧ ಮಾಡುತ್ತಿದ್ದೇನೆ. ಇನ್ನೊಂದು ಅನುಮಾನ: ‘ಒಂದೇ ಆದೇಶದಲ್ಲಿ 500 ಮಂಚ, ಅದೂ ಸರ್ಕಾರಿ ಇಲಾಖೆಗೆ ಮಾತ್ರ’ ಎಂಬ ಅನುಭವದ ಷರತ್ತು ಇತ್ತು. ಈಗ ಅದನ್ನೂ ಪ್ರಶ್ನಿಸಬಹುದೇ?

ಉತ್ತರ 1 (ಟೆಂಡರ್ ಸಲಹೆಗಾರ, ಬೆಂಗಳೂರು):
ಈ ಟೆಂಡರಿನಲ್ಲಿ ಕಷ್ಟ. ಷರತ್ತು ಒಪ್ಪಿ ಬಿಡ್ ಹಾಕಿದವರು ಸೋತ ಮೇಲೆ ಅದೇ ಷರತ್ತು ತಪ್ಪು ಎಂದರೆ ನ್ಯಾಯಾಲಯ ಸಾಮಾನ್ಯವಾಗಿ ಕಿವಿಗೊಡುವುದಿಲ್ಲ. ಅದನ್ನು ಪ್ರೀ-ಬಿಡ್ ಸಭೆಗೆ (ಬಿಡ್ ಹಾಕುವ ಮೊದಲು ಅನುಮಾನ ಕೇಳುವ ಸಭೆಗೆ) ಮುಂಚೆಯೇ ಲಿಖಿತವಾಗಿ ಎತ್ತಬೇಕಿತ್ತು. ಆದರೆ ಗೆದ್ದವರಿಗೂ ಆ 500ರ ಅನುಭವ ಇಲ್ಲದಿದ್ದರೆ ಮಾತೇ ಬೇರೆ. ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ (1979) ಮುಂಬೈ ವಿಮಾನ ನಿಲ್ದಾಣದ ರೆಸ್ಟೋರೆಂಟ್ ಟೆಂಡರಿಗೆ 5 ವರ್ಷದ ಹೋಟೆಲ್ ಅನುಭವ ಬೇಕು ಎಂದು ಹಾಕಿ, ಅದಿಲ್ಲದವರಿಗೇ ಕೊಟ್ಟಿದ್ದರು. ತಾನೇ ಹಾಕಿದ ಅರ್ಹತೆಯನ್ನು ಪ್ರಾಧಿಕಾರ ಮೀರುವಂತಿಲ್ಲ ಎಂದಿತು ಸುಪ್ರೀಂ ಕೋರ್ಟ್. ಆದರೂ ಅರ್ಜಿದಾರರು ತಡವಾಗಿ ಬಂದಿದ್ದರು, ಅಷ್ಟರಲ್ಲಿ ಗುತ್ತಿಗೆದಾರ ಹಣ ಹಾಕಿಯಾಗಿತ್ತು, ಹಾಗಾಗಿ ಗುತ್ತಿಗೆ ರದ್ದಾಗಲಿಲ್ಲ. ಅಂಗೀಕಾರ ಆದೇಶದ ಜೊತೆ ಬರುವ ತುಲನಾತ್ಮಕ ವಿವರದಲ್ಲಿ ಗೆದ್ದವರ ಅನುಭವದ ಅಂಕಣ ನೋಡಿ, ಕೊರತೆ ಕಂಡರೆ ತಡಮಾಡದೆ ಹೆಚ್ಚುವರಿ ಆಧಾರವಾಗಿ ಮೇಲ್ಮನವಿಗೆ ಸೇರಿಸಿ.