‘ಪೂರ್ವಾನುಮತಿ’, ‘ಪೂರ್ವಾನುಮೋದನೆ’, ‘ಪೂರ್ವಮಂಜೂರಾತಿ’: ವಿಮೆಯ ಸಂದರ್ಭಕ್ಕೆ ಯಾವುದು ಒಪ್ಪುತ್ತದೆ?

ಮಾನ್ಯರೇ,

ರಕ್ತನಾಳದ ಮೂಲಕ ಕಬ್ಬಿಣಾಂಶ ಪಡೆಯಬೇಕಾದ ರೋಗಿಗಳಿಗಾಗಿ ಕನ್ನಡದಲ್ಲಿ ಮಾಹಿತಿಪತ್ರವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಚಿಕಿತ್ಸೆಗೆ ಮುನ್ನವೇ ಪಡೆಯಬೇಕಾದ ಒಪ್ಪಿಗೆಯನ್ನು ವಿಮಾ ಕಂಪನಿಗಳು ‘ಪ್ರಯರ್ ಆಥರೈಸೇಶನ್’ ಎನ್ನುತ್ತವೆ; ಅದಕ್ಕೆ ಮೇಲಿನ ಮೂರರಲ್ಲಿ ಯಾವುದನ್ನು ಬಳಸಬೇಕೆಂಬುದು ನನ್ನ ಪ್ರಶ್ನೆ.

‘ಅನುಮತಿ’ ಎಂದೊಡನೆ, ಚಿಕಿತ್ಸೆ ಮಾಡಬಹುದೋ ಬಾರದೋ ಎಂಬುದನ್ನೇ ಕಂಪನಿ ತೀರ್ಮಾನಿಸುತ್ತದೆ ಎಂಬ ಅರ್ಥ ಹೊರಡುತ್ತದೆ. ವಾಸ್ತವದಲ್ಲಿ ಕಂಪನಿ ಹೇಳುವುದು ಆ ಚಿಕಿತ್ಸೆಯ ವೆಚ್ಚ ಪಾಲಿಸಿಯ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನಷ್ಟೇ. ‘ಮಂಜೂರಾತಿ’ಯ ತೊಡಕು ಬೇರೆ: ಮಂಜೂರಾಯಿತು ಎಂದರೆ ಹಣ ಬಂದಂತೆಯೇ ಎಂದು ಓದುಗರು ತಿಳಿಯುತ್ತಾರೆ, ಆದರೆ ಒಪ್ಪಿಗೆ ಸಿಕ್ಕ ಮೇಲೂ ಪಾಲಿಸಿಯ ಅವಧಿ ಮುಗಿದಿದ್ದರೆ ಅಥವಾ ದಾಖಲೆಗಳು ಹೊಂದದಿದ್ದರೆ ಬಿಲ್ ತಿರಸ್ಕೃತವಾಗಬಹುದು. ಜೊತೆಗೆ ಈ ಒಪ್ಪಿಗೆ ಸಾಮಾನ್ಯವಾಗಿ ನಿರ್ದಿಷ್ಟ ಔಷಧ, ಪ್ರಮಾಣ ಮತ್ತು ಅವಧಿಗೆ ಸೀಮಿತವಾಗಿರುತ್ತದೆ. ಹಲವು ಸರದಿಗಳಲ್ಲಿ ಸ್ವಲ್ಪಸ್ವಲ್ಪವಾಗಿ ಕೊಡುವ ಐರನ್ ಸುಕ್ರೋಸ್‌ಗೆ ಸಿಕ್ಕ ಒಪ್ಪಿಗೆ, ಒಂದೆರಡು ಸರದಿಗಳಲ್ಲಿ ಮುಗಿಯುವ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್‌ಗೆ ತಾನಾಗಿ ಅನ್ವಯಿಸುವುದಿಲ್ಲ. ಹೀಗಾಗಿ, ದಾಖಲೆ ಪರಿಶೀಲಿಸಿ ಸಮ್ಮತಿಸುವ ಅರ್ಥವುಳ್ಳ ‘ಪೂರ್ವಾನುಮೋದನೆ’ಯೇ ಹತ್ತಿರದ್ದೆಂದು ನನಗೆ ತೋರುತ್ತದೆ, ‘ಅನುಮೋದಿಸು’ ಎಂಬ ಕ್ರಿಯಾಪದವೂ ಸಲೀಸಾಗಿ ಒದಗುತ್ತದೆ. ಆದರೆ ಆಡುಮಾತಿನಲ್ಲಿ ಎಲ್ಲರೂ ‘ಅಪ್ರೂವಲ್ ಬಂತಾ?’ ಎಂದೇ ಕೇಳುವಾಗ, ಗಾಬರಿಯಲ್ಲಿರುವ ರೋಗಿಗೆ ಈ ಸಂಸ್ಕೃತ ಸಮಾಸ ಭಾರವಾಗದೇ ಎಂಬ ಅನುಮಾನವೂ ಇದೆ.

ಇದಕ್ಕಿಂತ ಕಠಿಣವಾದದ್ದು ಈ ಒಪ್ಪಿಗೆಗೆ ಕಂಪನಿಗಳು ಒಡ್ಡುವ ಷರತ್ತುಗಳ ಭಾಷೆ. ಹಿಮೋಗ್ಲೋಬಿನ್ ಜೊತೆಗೆ ದೇಹದ ಕಬ್ಬಿಣಾಂಶವನ್ನು ಅಳೆಯುವ ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ರಕ್ತಪರೀಕ್ಷೆಗಳ ಇತ್ತೀಚಿನ ವರದಿಗಳಲ್ಲದೆ, ಮೊದಲು ಕಬ್ಬಿಣಾಂಶದ ಮಾತ್ರೆ ತೆಗೆದುಕೊಂಡು ಫಲ ಕಾಣಲಿಲ್ಲ ಎಂಬುದಕ್ಕೂ ಅನೇಕ ಕಂಪನಿಗಳು ಪುರಾವೆ ಕೇಳುತ್ತವೆ. ಇಂಗ್ಲಿಷ್ ನಮೂನೆಗಳಲ್ಲಿ ಇಲ್ಲಿ ರೋಗಿಯೇ ‘ಫೇಲ್’ ಆದಂತೆ ಬರೆದಿರುತ್ತದೆ. ಅದನ್ನು ‘ರೋಗಿಯು ಮಾತ್ರೆಯಲ್ಲಿ ವಿಫಲರಾಗಿದ್ದಾರೆ’ ಎಂದು ಮಾಡಿದರೆ ಹಾಸ್ಯಾಸ್ಪದ. ‘ಮಾತ್ರೆಯಿಂದ ಗುಣ ಕಾಣಲಿಲ್ಲ’ ಎಂದರೆ ಸಹಜ, ಆದರೆ ಆ ವಾಕ್ಯ ಎರಡು ಬೇರೆ ಸಂಗತಿಗಳನ್ನು ಒಂದಾಗಿಸುತ್ತದೆ. ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡರೂ ಕಬ್ಬಿಣಾಂಶ ಏರದಿರುವುದು ಒಂದು, ಹೊಟ್ಟೆನೋವು, ಮಲಬದ್ಧತೆ, ವಾಕರಿಕೆಗಳಿಂದಾಗಿ ಮಾತ್ರೆಯನ್ನೇ ನಿಲ್ಲಿಸಬೇಕಾಗಿ ಬಂದದ್ದು ಮತ್ತೊಂದು. ಅರ್ಜಿಯಲ್ಲಿ ಇವೆರಡಕ್ಕೂ ಪ್ರತ್ಯೇಕ ವಿವರಣೆ ಬೇಕಾಗುವುದರಿಂದ, ಮೊದಲನೆಯದಕ್ಕೆ ‘ಮಾತ್ರೆಗೆ ಸ್ಪಂದಿಸದಿರುವುದು’, ಎರಡನೆಯದಕ್ಕೆ ‘ಮಾತ್ರೆ ಒಗ್ಗದಿರುವುದು’ ಎಂದು ಬರೆದುಕೊಂಡಿದ್ದೇನೆ. ‘ಒಗ್ಗು’ ಅಚ್ಚಗನ್ನಡ, ಎಲ್ಲರಿಗೂ ತಿಳಿಯುವಂಥದ್ದು. ‘ಸ್ಪಂದಿಸು’ ಮಾತ್ರ ನನಗೆ ಪತ್ರಿಕಾಭಾಷೆಯಂತೆ ಕೇಳಿಸುತ್ತದೆ.

ಕೊನೆಯದಾಗಿ, ಔಷಧವನ್ನು ಹರಿಸುವ ‘ವೇನ್’ ಎಂಬುದಕ್ಕೆ ‘ಅಭಿಧಮನಿ’ ಎಂಬುದು ಪಠ್ಯಪುಸ್ತಕದ ಮಾತು. ಜನ ಹೇಳುವುದು ‘ನರ’ ಎಂದು, ಆದರೆ ಬರಹದಲ್ಲಿ ಅದು ನರಮಂಡಲದ ನರವೂ ಹೌದು. ಹಾಗಾಗಿ ‘ರಕ್ತನಾಳ’ ಎಂದಿಟ್ಟಿದ್ದೇನೆ. ವೈದ್ಯಕೀಯ ಬರವಣಿಗೆಯಲ್ಲಿ ಪಳಗಿದವರು ‘ಸ್ಪಂದಿಸು’ವಿಗೆ ಬದಲಿ ಪದವನ್ನೂ, ‘ಪೂರ್ವಾನುಮೋದನೆ’ಯ ಬಗ್ಗೆ ತಮ್ಮ ಅಭಿಪ್ರಾಯವನ್ನೂ ತಿಳಿಸಬೇಕೆಂದು ಕೋರುತ್ತೇನೆ.