ಹೆಣ್ಣುಮಕ್ಕಳ ಸಿಂಗಲ್ ಸೀಟರ್ ರೇಸ್: ರೇಸ್ ಇಂಜಿನಿಯರ್ ಮೇಡಂಗೆ ನಿಮ್ಮ ಪ್ರಶ್ನೆಗಳು

ಅಡ್ಮಿನ್: ಇವತ್ತು ಸಂಜೆ ನಮ್ಮ ರೇಸ್ ಇಂಜಿನಿಯರ್ ಮೇಡಂ ಬಿಡುವಾಗಿದ್ದಾರೆ. ಹುಡುಗಿಯರಿಗೇ ಮೀಸಲಾದ ಕಾರ್ ರೇಸ್ ಚಾಂಪಿಯನ್‌ಶಿಪ್ ಎಫ್‌1 ಅಕಾಡೆಮಿ ಬಗ್ಗೆ ಏನು ಬೇಕಾದರೂ ಕೇಳಿ. ಒಂದೇ ಪ್ರಶ್ನೆ ಹತ್ತು ಸಲ ಬೇಡ. ಫಾರ್ವರ್ಡ್ ಅಂತೂ ಬೇಡವೇ ಬೇಡ.

ಕಿರಣ್: ನಮಸ್ಕಾರ ಮೇಡಂ. ಇದು ನಡೆಯೋದು ಹೇಗೆ? ಹುಡುಗಿಯರಿಗೆ ಎಫ್‌1 ಕಾರನ್ನೇ ಕೊಡ್ತಾರಾ?

ಇಂಜಿನಿಯರ್: ನಮಸ್ಕಾರ ಕಿರಣ್. ಇಲ್ಲ, ಎಫ್‌1 ಅನ್ನೋದು ಹೆಸರಲ್ಲಿ ಮಾತ್ರ. ಕಾರು ಎಫ್‌4 ದರ್ಜೆಯದು, ಅಂದರೆ ಏಣಿಯ ಕೆಳಗಿನ ಮೆಟ್ಟಿಲಿನದು. ಟಟೂಸ್ ಕಂಪನಿಯ ಚಾಸಿ (ಕಾರಿನ ಚೌಕಟ್ಟು), 1.4 ಲೀಟರ್ ಟರ್ಬೊ ಎಂಜಿನ್, ಪಿರೆಲ್ಲಿ ಟೈರ್. ಎಲ್ಲರಿಗೂ ಒಂದೇ ಥರದ ಕಾರು. 2023ರಲ್ಲಿ ಶುರುವಾದಾಗ ಐದು ತಂಡ, 15 ಕಾರು. 2025ರಲ್ಲಿ ಆರು ತಂಡ, 18 ಕಾರು. ವಯಸ್ಸು 16ರಿಂದ 25. 2024ರಿಂದ ಎಲ್ಲ ಸುತ್ತುಗಳೂ ಎಫ್‌1 ವಾರಾಂತ್ಯದಲ್ಲೇ, ಅದೇ ಟ್ರ್ಯಾಕಿನಲ್ಲಿ ನಡೆಯುತ್ತಿವೆ. ಆ ವರ್ಷ ಹತ್ತು ಎಫ್‌1 ತಂಡಗಳೂ ತಲಾ ಒಬ್ಬ ಹುಡುಗಿಯ ಕಾರಿಗೆ ತಮ್ಮ ಬಣ್ಣ ಕೊಟ್ಟವು. ಆದರೆ ಕಾರನ್ನು ಸಿದ್ಧ ಮಾಡಿ ಓಡಿಸುವುದು ಪ್ರೇಮಾ, ರೋಡಿನ್, ಕ್ಯಾಂಪೋಸ್ ಥರದ ಜೂನಿಯರ್ ತಂಡಗಳು. ಮರ್ಸಿಡಿಸ್ ಬಣ್ಣ ಇದ್ದ ಮಾತ್ರಕ್ಕೆ ಒಳಗೆ ಮರ್ಸಿಡಿಸ್ ಎಂಜಿನ್ ಇರಲ್ಲ.

ವಿನುತಾ: 2025ರಲ್ಲಿ ಕ್ವಾಲಿಫೈಯಿಂಗ್‌ನಲ್ಲಿ (ಹೊರಡುವ ಜಾಗ ತೀರ್ಮಾನಿಸೋ ಓಟ) ಮೊದಲು ಬಂದವಳು ಮೊದಲ ರೇಸಿನಲ್ಲಿ ಎಂಟನೇ ಜಾಗದಿಂದ ಹೊರಟಳಲ್ಲ? ಶಿಕ್ಷೆನಾ?

ಇಂಜಿನಿಯರ್: ಶಿಕ್ಷೆ ಅಲ್ಲ. ಆ ವರ್ಷ ಮೊದಲ ರೇಸಿಗೆ ಮೊದಲ ಎಂಟು ಜನರ ಸಾಲನ್ನು ತಿರುಗಿಸಿ ನಿಲ್ಲಿಸಿದರು. ಅದಕ್ಕೆ ಅಂಕ ಕಡಿಮೆ, ಗೆದ್ದರೆ 10. ಎರಡನೇ ರೇಸಿಗೆ ಕ್ವಾಲಿಫೈಯಿಂಗ್ ಕ್ರಮವೇ, ಗೆದ್ದರೆ 25. ಮುಂದಿದ್ದವಳಿಗೆ ಹಿಂದಿನಿಂದ ದಾಟಿ ಬರೋದು ಗೊತ್ತಿದೆಯಾ ಅಂತ ಇದರಲ್ಲಿ ಕಾಣುತ್ತೆ. ನನಗೆ ಇಷ್ಟವಾದ ನಿಯಮ.

ಶಶಿ: ಹೆಣ್ಮಕ್ಕಳು ಹಗುರ ಇರ್ತಾರೆ. ಕಾರು ಜಾಸ್ತಿ ಓಡುತ್ತೆ ಅಲ್ವಾ?

ಇಂಜಿನಿಯರ್: ಡ್ರೈವರನ್ನು ಕೂರಿಸಿಯೇ ಕಾರನ್ನು ತೂಗುತ್ತಾರೆ. ಕಡಿಮೆ ಬಂದರೆ ಭಾರದ ತುಂಡು ಬಿಗಿಯುತ್ತಾರೆ.

ರಾಘು: ಇಲ್ಲಿ ಗೆದ್ದವಳು ನೇರ ಎಫ್‌1ಗೆ ಹೋಗಬಹುದಾ?

ಇಂಜಿನಿಯರ್: ಇಲ್ಲ. ಎಫ್‌1 ಓಡಿಸಲು ಬೇಕಾದ ಸೂಪರ್ ಲೈಸೆನ್ಸ್‌ಗೆ ಮೂರು ವರ್ಷದಲ್ಲಿ 40 ಅಂಕ ಬೇಕು. ಇಲ್ಲಿ ಚಾಂಪಿಯನ್ ಆದರೆ ಸಿಗೋದು 10. ನಡುವೆ ಎಫ್‌3, ಎಫ್‌2 ಥರದ ಮೆಟ್ಟಿಲುಗಳಿವೆ.

ನಾಗೇಶ್: ನನಗೊಂದು ಅನುಮಾನ. ರೇಸಿಂಗ್‌ನಲ್ಲಿ ಗಂಡು ಹೆಣ್ಣು ಒಟ್ಟಿಗೆ ಓಡಿಸಬಾರದು ಅಂತ ನಿಯಮವೇ ಇಲ್ಲ. ಮತ್ತೆ ಬೇರೆ ಚಾಂಪಿಯನ್‌ಶಿಪ್ ಯಾಕೆ? 1975ರಲ್ಲೇ ಇಟಲಿಯ ಲೆಲ್ಲಾ ಲೊಂಬಾರ್ಡಿ ಸ್ಪೇನ್‌ನ ಎಫ್‌1 ರೇಸಿನಲ್ಲಿ ಆರನೇ ಸ್ಥಾನ ಬಂದು ಅರ್ಧ ಅಂಕ ತಗೊಂಡ್ರು.

ವಿನುತಾ: ಆ ಅರ್ಧ ಅಂಕದ ನಂತರ ಇನ್ನೊಬ್ಬಳಿಗೂ ಅಂಕ ಸಿಕ್ಕಿಲ್ಲ ನಾಗೇಶ್ ಅವರೇ. ಅದೇ ಕಾರಣ.

ನಾಗೇಶ್: ಬೇರೆ ಕೂರಿಸಿದರೆ ಸಿಗುತ್ತಾ? ಜರ್ಮನಿಯ ರೇಸರ್ ಸೋಫಿಯಾ ಫ್ಲೋರ್ಶ್ ಇದನ್ನೇ ಅಲ್ವಾ ವಿರೋಧಿಸಿದ್ದು?

ವಿನುತಾ: ಫ್ಲೋರ್ಶ್‌ಗೆ ಎಫ್‌3 ಸೀಟು ಸಿಕ್ಕಿತ್ತು. ಸಿಗದವರ ಕಥೆ ಹೇಳಿ.

ಇಂಜಿನಿಯರ್: ಇಬ್ಬರೂ ಅರ್ಧರ್ಧ ಸರಿ. ಮೊದಲು ಇದ್ದ ಹೆಣ್ಣುಮಕ್ಕಳದೇ ಚಾಂಪಿಯನ್‌ಶಿಪ್ ಡಬ್ಲ್ಯು ಸೀರೀಸ್ ನೋಡಿ. 2019ರಲ್ಲಿ ಶುರು. ಡ್ರೈವರ್ ಒಂದು ಪೈಸೆ ಕೊಡಬೇಕಿರಲಿಲ್ಲ. ಬ್ರಿಟನ್ನಿನ ಜೇಮಿ ಚಾಡ್ವಿಕ್ ನಡೆದ ಮೂರೂ ಋತು ಗೆದ್ದರು. ಆದರೂ ಎಫ್‌3 ಸೀಟು ಸಿಗಲಿಲ್ಲ. 2023ರಲ್ಲಿ ಅಮೆರಿಕದ ಜೂನಿಯರ್ ರೇಸ್ ಸರಣಿ ಇಂಡಿ ಎನ್‌ಎಕ್ಸ್‌ಟಿಗೆ ಹೋದರು, ಮರುವರ್ಷ ಅಲ್ಲಿ ರೋಡ್ ಅಮೆರಿಕಾ ಟ್ರ್ಯಾಕಿನಲ್ಲಿ ಒಂದು ರೇಸ್ ಗೆದ್ದರು. ಡಬ್ಲ್ಯು ಸೀರೀಸ್‌ಗೆ 2022ರಲ್ಲಿ ದುಡ್ಡು ಸಾಲದೆ ಕೊನೆಯ ಸುತ್ತುಗಳೇ ನಡೆಯಲಿಲ್ಲ. ಎಫ್‌1 ಅಕಾಡೆಮಿ ಇದರಿಂದ ಕಲಿತಿದೆ. ಇಲ್ಲಿ ಎರಡು ಋತು ಮುಗಿದರೆ ಹೊರಗೆ. ಗೆದ್ದವಳನ್ನು ಮೇಲಿನ ಮೆಟ್ಟಿಲಿಗೆ ದುಡ್ಡು ಕೊಟ್ಟು ಕಳಿಸುತ್ತಾರೆ. 2023ರ ಚಾಂಪಿಯನ್ ಮಾರ್ಟಾ ಗಾರ್ಸಿಯಾಗೆ ಯುರೋಪಿನ ಫಾರ್ಮುಲಾ ರೀಜನಲ್ ಸೀಟು, 2024ರ ಅಬ್ಬಿ ಪುಲಿಂಗ್‌ಗೆ ಬ್ರಿಟನ್ನಿನ ಜಿಬಿ3 ಸೀಟು, ಎರಡೂ ಎಫ್‌4ಗಿಂತ ಮೇಲಿನ ಮೆಟ್ಟಿಲು. ಹುಡುಗಿಯರು ನಿಂತುಹೋಗೋದು ತೋಳಲ್ಲಿ ಬಲ ಇಲ್ಲ ಅಂತಲ್ಲ. ಟ್ರ್ಯಾಕಿನಲ್ಲಿ ಓಡಿಸಲು ದುಡ್ಡಿಲ್ಲ ಅಂತ. ಈ ಚಾಂಪಿಯನ್‌ಶಿಪ್ ಕೊಡೋದು ಓಡಿಸುವ ಅವಕಾಶ, ಅಷ್ಟೇ.

ಪ್ರವೀಣ್: ಫ್ರೀನಾ ಮೇಡಂ?

ಇಂಜಿನಿಯರ್: ಅಲ್ಲ. 2023ರಲ್ಲಿ ಡ್ರೈವರ್ ಕಡೆಯಿಂದ 1,50,000 ಯೂರೊ, ಎಫ್‌1 ಕಡೆಯಿಂದ ಕಾರಿಗೆ ಅಷ್ಟೇ, ಉಳಿದದ್ದು ತಂಡದ್ದು. ಮರುವರ್ಷ ಡ್ರೈವರ್ ಪಾಲು 1,00,000 ಯೂರೊಗೆ ಇಳಿಯಿತು.

ಸುಮಾ: ಮೇಡಂ, ಮಗಳಿಗೆ 14. ಕಾರ್ಟಿಂಗ್ (ಪುಟ್ಟ ರೇಸ್ ಬಂಡಿ ಓಡಿಸೋದು) ಮಾಡ್ತಾಳೆ. 16 ಆದ ಕೂಡಲೇ ಅಕಾಡೆಮಿಗೆ ಪ್ರಯತ್ನ ಮಾಡಬೇಕು ಅಂತ ಅವಳಿಗೂ ಅವರಪ್ಪನಿಗೂ ಆಸೆ. ಈಚೆಗೆ ಕಾರ್ಟ್‌ನಿಂದ ಇಳಿದ ಮೇಲೆ ತಲೆನೋವು ಅಂತಾಳೆ. ಎಡಗೈ ಬೆರಳು ಜುಮ್ಮೆನ್ನುತ್ತಂತೆ. ಪಕ್ಕೆಲುಬೂ ನೋಯುತ್ತೆ. ಒಂದು ಫಾರ್ವರ್ಡ್ ಬಂದಿತ್ತು, ಹೆಲ್ಮೆಟ್‌ಗೆ ಭಾರ ಕಟ್ಟಿ ದಿನಾ ಕುತ್ತಿಗೆ ಸುತ್ತಿಸಿದರೆ ಗಟ್ಟಿಯಾಗುತ್ತೆ ಅಂತ. ಅವರಪ್ಪ ಅದನ್ನೇ ಮಾಡಿಸ್ತಿದ್ದಾರೆ. ಮುಂದುವರಿಸಬಹುದಾ?

ಇಂಜಿನಿಯರ್: ಸುಮಾ ಅವರೇ, ಭಾರ ಇವತ್ತೇ ಬಿಚ್ಚಿಸಿ. ತಲೆನೋವು ಶುರುವಾಗುವ ಮುಂಚೆ ಎಲ್ಲಾದರೂ ಗುದ್ದಿದ್ದಳಾ?

ಸುಮಾ: ಹೌದು, ಟೈರ್ ಗೋಡೆಗೆ ಒಂದು ಸಲ. ತಲೆಗೆ ಏಟು ಬಿದ್ದಿರಲಿಲ್ಲ. ಅವಳೇ ಎದ್ದು ಬಂದಳು.

ಇಂಜಿನಿಯರ್: ತಲೆಗೆ ಏಟು ಬೀಳದಿದ್ದರೂ, ದೇಹ ಜೋರಾಗಿ ಕುಲುಕಿ ಗಕ್ಕನೆ ನಿಂತಾಗ ಒಳಗೆ ಮೆದುಳಿಗೆ ಪೆಟ್ಟಾಗಬಹುದು. ಎದ್ದು ನಡೆದಳು ಅನ್ನೋದು ಪುರಾವೆ ಅಲ್ಲ. ನಾನು ಡಾಕ್ಟರಲ್ಲ. ಅದಕ್ಕೇ ಹೇಳ್ತಿದ್ದೇನೆ: ತಲೆನೋವು ಮತ್ತು ಬೆರಳು ಜುಮ್ಮೆನ್ನೋದು, ಎರಡನ್ನೂ ಡಾಕ್ಟರ್ ಮುಂದೆ ಹೇಳಿ, ಗುದ್ದಿದ ವಿಷಯ ಮುಚ್ಚಿಡಬೇಡಿ. ಅವರು ಸರಿ ಅನ್ನೋವರೆಗೆ ಕಾರ್ಟ್ ಬೇಡ, ಸಿಮ್ಯುಲೇಟರೂ ಬೇಡ. ವಾಂತಿ, ಮಂಪರು, ಕೈಯಲ್ಲಿ ಬಲ ಇಲ್ಲದಿರೋದು ಕಂಡರೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ. ಹೆಲ್ಮೆಟ್ ಗೋಡೆಗೆ ತಾಗಿದ್ದರೆ ಹೊಸದು ತನ್ನಿ. ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಪದರ ಒಮ್ಮೆ ಕುಗ್ಗಿದರೆ ಮತ್ತೆ ಕೆಲಸ ಮಾಡಲ್ಲ.

ಕುತ್ತಿಗೆ ಗಟ್ಟಿ ಬೇಕು, ನಿಜ. ಆದರೆ ಅದನ್ನು ಫಿಸಿಯೊ ಎದುರಲ್ಲಿ ಮಾಡಬೇಕು. ತಲೆ ಅಲುಗಾಡದಂತೆ ಹಿಡಿದು ಸ್ವಲ್ಪ ಒತ್ತಡ ಕೊಡೋದು, ತಿಂಗಳುಗಟ್ಟಲೆ ನಿಧಾನವಾಗಿ ಏರಿಸೋದು. ಬೆಳೆಯೋ ಮಗುವಿನ ತಲೆಗೆ ಭಾರ ತೂಗಿಬಿಟ್ಟು ಗಿರ್ರನೆ ತಿರುಗಿಸೋದು ವ್ಯಾಯಾಮ ಅಲ್ಲ.

ಪಕ್ಕೆಲುಬಿನ ನೋವನ್ನೂ ಡಾಕ್ಟರಿಗೆ ಹೇಳಿ. ಬಿರುಕು ಇಲ್ಲ ಅಂತಾದರೆ ಆಮೇಲೆ ಸೀಟು ನೋಡಿ. ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ, ಬೆಲ್ಟೂ ಇಲ್ಲ. ಸೀಟು ಅಗಲವಾಗಿದ್ದರೆ ಪ್ರತಿ ತಿರುವಿನಲ್ಲೂ ಮೈ ಜಾರಿ ಅಂಚಿಗೆ ಬಡಿಯುತ್ತೆ. ಎಷ್ಟೋ ಹುಡುಗಿಯರನ್ನು ಅಣ್ಣನ ಸೀಟಲ್ಲೇ ಕೂರಿಸಿರುತ್ತಾರೆ. ಅವಳ ಅಳತೆಯ ಸೀಟು, ಮೇಲೊಂದು ಪಕ್ಕೆ ಕವಚ ಇರಲಿ.

ನಾಗೇಶ್: ಆ ಫಾರ್ವರ್ಡ್ ನಾನೇ ಹಾಕಿದ್ದು. ನಮ್ಮ ಜಿಮ್ ಕೋಚ್ ಹೇಳಿದ್ದು ಮೇಡಂ, ಸುಮ್ನೆ ಅಲ್ಲ.

ಇಂಜಿನಿಯರ್: ನಿಮ್ಮ ಕೋಚ್ ಆ ಹುಡುಗಿಯನ್ನು ನೋಡಿದ್ದಾರಾ?

ನಾಗೇಶ್: ಒಳ್ಳೇದಾಗಲಿ ಅಂತ ಹಾಕಿದ್ದು. ಇಷ್ಟು ಕೋಪ ಯಾಕೆ?

ಇಂಜಿನಿಯರ್: ಅದರ ಕೆಳಗೇ ನೀರು ಬಿಟ್ಟು ತೂಕ ಇಳಿಸಿ ಅಂತ ಇನ್ನೊಂದಿದೆ. ಅದೂ ನಿಮ್ಮದೇ. ಕಾಕ್‌ಪಿಟ್ (ಡ್ರೈವರ್ ಕೂರೋ ಜಾಗ) ಬಿಸಿಯಲ್ಲಿ ನೀರಿಲ್ಲದವಳಿಗೆ ಬ್ರೇಕ್ ಹಾಕೋ ಜಾಗವೇ ತಪ್ಪುತ್ತೆ. ಎರಡನ್ನೂ ಅಳಿಸಿ.

ರಾಘು: ಇದನ್ನು ಲೈವ್ ಎಲ್ಲಿ ನೋಡೋದು?

ಪ್ರವೀಣ್: ಎಫ್‌4 ಕಾರಿಗೆ ಪವರ್ ಸ್ಟೀರಿಂಗ್ ಇಲ್ವಂತೆ. ಹುಡುಗಿಯರಿಗೆ ಆಗುತ್ತಾ?

ಇಂಜಿನಿಯರ್: ಎಫ್‌2ನಲ್ಲೂ ಇಲ್ಲ. ಕೂರೋದು ಸರಿಯಾದರೆ ಅರ್ಧ ಕಷ್ಟ ಹೋಗುತ್ತೆ. ಸೀಟು ಹೇಗೆ ಮಾಡ್ತೀವಿ ಗೊತ್ತಾ? ಕಾಕ್‌ಪಿಟ್ ಒಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಇಟ್ಟು, ಅದಕ್ಕೆ ಎರಡು ದ್ರವ ಬೆರೆಸಿ ಸುರಿಯುತ್ತೇವೆ. ಹುಡುಗಿ ರೇಸ್ ಸೂಟ್ ಹಾಕಿಕೊಂಡು ಅದರ ಮೇಲೆ ಕೂರಬೇಕು. ಫೋಮ್ ಬಿಸಿಯಾಗಿ ಉಬ್ಬುತ್ತಾ ಸೊಂಟ, ಬೆನ್ನು, ಭುಜದ ಸಂದಿಗೆಲ್ಲ ತುಂಬುತ್ತೆ. ಅಲ್ಲಾಡೋ ಹಾಗಿಲ್ಲ, ಕೈ ಸ್ಟೀರಿಂಗ್ ಮೇಲೆ, ಕಾಲು ಪೆಡಲ್ ಮೇಲೆ. ಗಟ್ಟಿಯಾದ ಮೇಲೆ ಎದ್ದರೆ ಅವಳದೇ ಅಚ್ಚು. ಗಿಡ್ಡ ಇದ್ದರೆ ಪೆಡಲ್ ಹತ್ತಿರ ತರ್ತೀವಿ. ಬ್ರೇಕ್ ಒತ್ತಲು ನೆರವಾಗೋ ಬೂಸ್ಟರ್ ಇಲ್ಲ, ಬೆನ್ನಿಗೆ ಆಸರೆ ಇದ್ದರೆ ಮಾತ್ರ ಕಾಲಿನ ಪೂರ್ತಿ ಬಲ ಪೆಡಲ್‌ಗೆ ಹೋಗುತ್ತೆ.

ಶಶಿ: ಎಲ್ಲ ಸರಿ, ತೂಕ ಕಡಿಮೆ ಇದ್ದರೆ ಲಾಭ ಅಲ್ವಾ?

ಇಂಜಿನಿಯರ್: ಮೇಲೆ ಓದಿ.

ವಿನುತಾ: ನಾಗೇಶ್ ಅವರೇ, ಇನ್ನೂ ಅಳಿಸಿಲ್ಲ.

ನಾಗೇಶ್: ಅಡ್ಮಿನ್ ಹೇಳಲಿ, ನೀವು ಯಾರು?

ಅಡ್ಮಿನ್: ನಾನೇ ಅಳಿಸಿದೆ. ಇನ್ನು ಸಾಕು ಇಬ್ಬರೂ.

ಸುಮಾ: ಮೇಡಂ, ನಾಳೆ ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋಗ್ತಿದ್ದೀವಿ. ಈ ಭಾನುವಾರ ಅವಳಿಗೆ ರೇಸ್ ಇದೆ, ಹಣವೂ ಕಟ್ಟಿದ್ದೀವಿ.

ಇಂಜಿನಿಯರ್: ರೇಸ್ ಬಿಡಿ. ಹಣ ವಾಪಸ್ ಕೊಡ್ತಾರಾ ಅಂತ ಆಯೋಜಕರನ್ನು ಕೇಳಿ. ಕೊಡದಿದ್ದರೂ ಬಿಡಿ. ಡಾಕ್ಟರ್ ಏನಂದರು ಅಂತ ನನಗೆ ಬೇರೆಯಾಗಿ ಮೆಸೇಜ್ ಮಾಡಿ, ಇಲ್ಲಿ ಬೇಡ.

ರಾಘು: ಲೈವ್ ಎಲ್ಲಿ ಅಂತ ಯಾರೂ ಹೇಳಲೇ ಇಲ್ಲ.